ಅವಳು ನಿನ್ನನ್ನು ನೋಡಿ ಗೇಲಿ ಮಾಡಲಿಲ್ಲ: ಮಗಳಿಗೊಂದು ಪತ್ರ

ದಾವಣಗೆರೆ
ಶನಿವಾರ ರಾತ್ರಿ

ಚಿ. ರೂಪಾಳಿಗೆ ಅಪ್ಪನ ಆಶೀರ್ವಾದಗಳು.

ಥಾಯ್ಲೆಂಡಿನ ಆಫೀಸಿನಲ್ಲಿ ನಿನ್ನ ಕೈಕೆಳಗಿನ ಹುಡುಗಿಯ ಮೇಲೆ ನೀನು ಎಲ್ಲರೆದುರು ದನಿ ಎತ್ತಿದ್ದರ ಬಗ್ಗೆ ಗುರುವಾರ ಫೋನಿನಲ್ಲಿ ಆದ ಮಾತನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಅಷ್ಟು ಹೇಳಿಕೊಂಡರೂ ನಾನು ಸುಮ್ಮನಿದ್ದದ್ದು ನಿನಗೆ ನೋವಾಗಿದೆ ಎಂದು ಅಮ್ಮ ಹೇಳಿದಳು. ನೋವಾಗಿದ್ದಕ್ಕೆ ಕ್ಷಮಿಸು ಕೂಸೇ. ಸಿಟ್ಟಿಗೆ ಸುಮ್ಮನಾಗಿರಲಿಲ್ಲ. "ನಾನು ಹೇಳ್ತಾ ಇದ್ರೆ ಅವಳು ನಗ್ತಾ ನಿಂತಿದ್ಲಪ್ಪ, ಅದಕ್ಕೇ ಇನ್ನೂ ಜೋರಾಗಿ ಹೇಳ್ದೆ" ಅಂದೆಯಲ್ಲ, ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮನಸ್ಸು ನಾನು ಹಿಂದೆ ಕೆಲಸ ಮಾಡಿದ್ದ, ಬ್ಯಾಂಕಾಕ್ ಪಕ್ಕದ ಸಮುತ್ ಪ್ರಾಕಾನ್‌ನ ಮಿಲ್ಲಿಗೆ ಹೋಗಿಬಿಟ್ಟಿತು. ಆಮೇಲೆ ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಸೋಮವಾರ ನೀನು ಮತ್ತೆ ಆ ಆಫೀಸಿಗೆ ಹೋಗಬೇಕು. ಅಷ್ಟರೊಳಗೆ ನಿನಗೆ ಇದು ಸಿಗಲಿ ಎಂದು ಹಾಳೆಯಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಫೋನಿನಲ್ಲಿ ನನಗೆ ಇಷ್ಟು ಹೇಳಲಿಕ್ಕೆ ಬರುವುದಿಲ್ಲ.

ಥಾಯ್ಲೆಂಡಿನ ಕಥೆ ನಿನಗೆ ಬೇಕಾದಷ್ಟು ಹೇಳಿದ್ದೇನೆ. ದುರಿಯನ್ ಹಣ್ಣಿನ ವಾಸನೆ, ಬ್ಯಾಂಕಾಕಿನ ಮಳೆ, 1997ರ ಜುಲೈ 2ರಂದು ಅಲ್ಲಿಯ ನಾಣ್ಯ ಬಾಟ್ ಬೆಲೆ ಕುಸಿದು ನಾವೆಲ್ಲ ಸಂಬಳದ ಚೀಟಿ ಹಿಡಿದು ಲೆಕ್ಕ ಹಾಕುತ್ತ ಕೂತದ್ದು, ಎಲ್ಲ ನಿನಗೆ ಬಾಯಿಪಾಠ. ಸೋಮ್ಚೈ ಕಥೆ ಮಾತ್ರ ಹೇಳಿಲ್ಲ.

ನಮ್ಮೂರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ನಾನು ಅಲ್ಲಿಗೆ ಹೋದವನು. ಅಲ್ಲಿ ನನಗೆ ಹತ್ತಿ ಹಿಂಜುವ ಕಾರ್ಡಿಂಗ್ ವಿಭಾಗ. ಸೋಮ್ಚೈ ಪಕ್ಕದ, ನೂಲು ತೆಗೆಯುವ ರಿಂಗ್ ಫ್ರೇಮ್ ಶೆಡ್ಡಿನ ಸೂಪರ್‌ವೈಸರ್. ನನಗಿಂತ ದೊಡ್ಡವನು, ಎಲ್ಲರೂ ಅವನನ್ನು 'ಪೀ' ಅಂತಲೇ ಕರೆಯುತ್ತಿದ್ದರು, ನಾವು ಅಣ್ಣ ಅನ್ನುವ ಹಾಗೆ. ಮ್ಯಾನೇಜರು ಹೊರದೇಶದವರು. ಯಾವ ದೇಶ ಎಂದು ಬರೆಯುವುದು ಬೇಡ, ಅವರು ಈಗಿಲ್ಲ. ಕೆಲಸ ಬಲ್ಲವರು, ರಾತ್ರಿ ಎರಡು ಗಂಟೆಗೂ ಶೆಡ್ಡಿಗೆ ಬಂದು ನಿಲ್ಲುವವರು. ಒಂದು ದಿನ ಶಿಫ್ಟ್ ಬದಲಾಗುವ ಹೊತ್ತು, ನೂಲಿನ ಎಳೆ ಬಹಳ ಕಡಿಯುತ್ತಿದೆ ಎಂದು ಸೋಮ್ಚೈಯನ್ನು ಶೆಡ್ಡಿನ ನಡುವೆ ನಿಲ್ಲಿಸಿ ಬೈಯಲು ಶುರು ಮಾಡಿದರು. ಹೋಗುವ ಶಿಫ್ಟಿನವರು, ಬರುವ ಶಿಫ್ಟಿನವರು, ಎಲ್ಲ ಅಲ್ಲೇ. ಸೋಮ್ಚೈ ಮುಗುಳ್ನಗುತ್ತ ನಿಂತಿದ್ದ. "ನಗ್ತೀಯಾ? ನಗುವಂಥದ್ದು ಏನಿದೆ ಇದರಲ್ಲಿ?" ಎಂದು ಮ್ಯಾನೇಜರು ಇನ್ನೂ ಕೂಗಿದರು. ಕ್ಯಾಂಟೀನಿನ ಹೆಂಗಸೊಬ್ಬಳು ಮೆಲ್ಲಗೆ "ಜೈ ಯೆನ್ ಯೆನ್" ಅಂದಳು, ಸಮಾಧಾನ ತಂದುಕೊಳ್ಳಿ ಅಂತ. ಅದಕ್ಕೂ ಅವರು ಉರಿದುಬಿದ್ದರು.

ನಾನು ಸೋಮ್ಚೈಗೆ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವನ ಮುಖದ ನಗು ಅಷ್ಟು ಹೊತ್ತೂ ಒಂದೇ ಅಳತೆಯಲ್ಲಿತ್ತು, ಹೆಚ್ಚಲೂ ಇಲ್ಲ, ಕಡಿಮೆ ಆಗಲೂ ಇಲ್ಲ. ಕಿವಿಗಳು ಕೆಂಪಾಗಿದ್ದವು. ಕೈಯಲ್ಲೊಂದು ನೂಲು ಸುತ್ತುವ ಖಾಲಿ ಬಾಬಿನ್ ಇತ್ತು. ಅದರ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದ, ಅಲ್ಲೇನೋ ಕಲೆ ಇದ್ದವರ ಹಾಗೆ. ಕಲೆ ಏನೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ಕೈಜೋಡಿಸಿ ತಲೆ ಬಾಗಿಸಿ ತನ್ನ ಜಾಗಕ್ಕೆ ಹೋದ. ಮ್ಯಾನೇಜರು ನನ್ನ ಕಡೆ ತಿರುಗಿ, "ಇವರಿಗೆ ಹೀಗೆ ಹೇಳಿದರೇ ತಲೆಗೆ ಹೋಗೋದು" ಅಂದರು.

ಆ ನಗು ಏನು ಅಂತ ನಿನಗೆ ಗೊತ್ತಾಗಬೇಕು. ಅಲ್ಲಿಯ ಜನ ಖುಷಿಗೂ ನಗುತ್ತಾರೆ, ನಾಚಿಕೆಗೂ ನಗುತ್ತಾರೆ, ಹತ್ತು ಜನರೆದುರು ಮಾನ ಹೋಗುವಾಗ, ಎದುರಿಗಿರುವ ನಿನ್ನ ಮಾನ ಹೋಗದಿರಲಿ ಎಂದೂ ನಗುತ್ತಾರೆ. ನೀನು ಕೂಗುವಾಗ ಆ ಹುಡುಗಿಗೆ ತನ್ನ ಮರ್ಯಾದೆಯ ಚಿಂತೆಯ ಜೊತೆಗೆ ನಿನ್ನ ಮರ್ಯಾದೆಯ ಚಿಂತೆಯೂ ಇತ್ತು. ಸಿಟ್ಟು ಹತೋಟಿಯಲ್ಲಿಲ್ಲದವರನ್ನು ಕಂಡರೆ ಅವರಿಗೆ ಭಯಕ್ಕಿಂತ ಹೆಚ್ಚಾಗಿ ಮುಜುಗರ ಆಗುತ್ತದೆ. ಆ ಮುಜುಗರಕ್ಕೆ ನಗುವನ್ನು ಅಡ್ಡ ಹಿಡಿಯುತ್ತಾರೆ. ಅದನ್ನು ನೀನು ಗೇಲಿ ಅಂದುಕೊಂಡೆ. ನಮ್ಮ ಕಡೆ ಬೈಸಿಕೊಳ್ಳುವಾಗ ನಕ್ಕರೆ ಅದು ಉದ್ಧಟತನವೇ, ನಿನಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮತ್ತೆ ಸೋಮ್ಚೈ ವಿಷಯಕ್ಕೆ ಬರುತ್ತೇನೆ. ಅವನು ರಾಜೀನಾಮೆ ಕೊಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ದಿನಾ ಮ್ಯಾನೇಜರಿಗೆ ಮೊದಲಿನಂತೆಯೇ ಕೈಮುಗಿದ. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ಕೆಲವು ವಾರಗಳ ನಂತರ ಒಂದು ದೊಡ್ಡ ಲಾಟ್ ನೂಲು ಕೊಂಡವರಿಂದ ವಾಪಸ್ ಬಂತು. ಎರಡು ಬೇರೆ ಬೇರೆ ದಪ್ಪದ ನೂಲು, ಅಂದರೆ ಎರಡು ಕೌಂಟ್‌ಗಳು ಕಲಬೆರಕೆಯಾಗಿದ್ದವು. ಮಿಲ್ಲಿನಲ್ಲಿ ಒಂದೊಂದು ಕೌಂಟಿಗೆ ಒಂದೊಂದು ಬಣ್ಣದ ಬಾಬಿನ್, ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ ಹಳೇ ಬಾಬಿನ್‌ಗಳನ್ನು ಜೋಡಿಸಿ ಆಡುತ್ತಿದ್ದೆ. ಹಸಿರು ಬಾಬಿನ್‌ಗಳ ಸಾಲಿನಲ್ಲಿ ಹಳದಿ ಬಂದರೆ ಕುರುಡನಲ್ಲದ ಯಾರಿಗೂ ಕಾಣುತ್ತದೆ. ಆ ಶಿಫ್ಟಿನ ಅಷ್ಟೂ ಜನ ನೋಡಿದ್ದರು. ಒಬ್ಬರೂ ಮ್ಯಾನೇಜರಿಗೆ ಹೇಳಲಿಲ್ಲ.

ಲಾಟ್ ವಾಪಸ್ ಬಂದ ಮೇಲೆ ನಾನು ಊಟದ ಹೊತ್ತಿಗೆ ಸೋಮ್ಚೈ ಪಕ್ಕ ಕೂತು, ಪೀ, ಯಾಕೆ ಹೇಳಲಿಲ್ಲ ಅಂತ ನನ್ನ ಹರಕು ಥಾಯ್‌ನಲ್ಲಿ ಕೇಳಿದೆ. ಸಾರಿನಲ್ಲಿ ಅನ್ನ ಕಲೆಸುತ್ತ, "ಸಾಹೇಬರಿಗೆ ತುಂಬ ಕೆಲಸ ಇತ್ತು, ತೊಂದರೆ ಕೊಡೋದು ಬೇಡ ಅನ್ನಿಸ್ತು" ಅಂದ. ಅದೇ ನಗು. ಆ ಉತ್ತರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದರಲ್ಲಿ ಸುಳ್ಳಿರಲಿಲ್ಲ, ಸೇಡು ಇತ್ತೋ ಇಲ್ಲವೋ ಹೇಳಲಾರೆ. ಒಂದು ಮಾತ್ರ ನಿಜ: ಅವತ್ತು ಶೆಡ್ಡಿನಲ್ಲಿ ಕೂಗಿದ ಮೇಲೆ ಮ್ಯಾನೇಜರಿಗೆ ಕೆಟ್ಟ ಸುದ್ದಿ ತಂದು ಹೇಳುವವರು ಯಾರೂ ಉಳಿದಿರಲಿಲ್ಲ. ಅವರು ರಾತ್ರಿ ಎರಡು ಗಂಟೆಗೆ ಬಂದು ನಿಂತರೂ ಅವರಿಗೆ ಕಾಣುವುದು ಮಾತ್ರ ಕಾಣುತ್ತಿತ್ತು.

ನಿನ್ನ ಆಫೀಸಿನ ಹುಡುಗಿ ಮಾರನೇ ದಿನವೇ ಕೆಲಸ ಬಿಟ್ಟಿದ್ದಾಳೆ. ಅದರ ಬಗ್ಗೆ ನೀನು ಅಳುತ್ತಿದ್ದೀಯ. ನನಗೆ ಹೆದರಿಕೆ ಅವಳದ್ದಲ್ಲ, ಅಲ್ಲಿ ಉಳಿದವರದ್ದು. ಅವರು ನಾಳೆಯಿಂದ ನಿನ್ನ ಹತ್ತಿರ ಎಲ್ಲದಕ್ಕೂ ಹೌದು ಅನ್ನುತ್ತಾರೆ. ಕೆಲಸ ಆಗುತ್ತಾ ಅಂದರೆ ಆಗುತ್ತೆ ಅನ್ನುತ್ತಾರೆ. ಹಾಗೆ ಹೌದು ಅನ್ನಿಸಿಕೊಂಡು ಬದುಕುವುದು ಬಹಳ ಕಷ್ಟ, ರೂಪಾ.

ಹಾಗಂತ ಆ ದೇಶದಲ್ಲಿ ಎಲ್ಲರೂ ಪಿಸುಗುಟ್ಟುತ್ತ ಬದುಕುತ್ತಾರೆ ಅಂದುಕೊಳ್ಳಬೇಡ. ರಾಮ 4 ರಸ್ತೆಯಲ್ಲಿದ್ದ ಹಳೇ ಲುಂಪಿನಿ ಸ್ಟೇಡಿಯಮ್ಮಿನಲ್ಲಿ ಅವರ ಬಾಕ್ಸಿಂಗ್ ಆದ ಮುವಾಯ್ ಥಾಯ್ ನೋಡಲು ಹೋದಾಗ ಬಾಜಿ ಕಟ್ಟುವವರ ಕೂಗಿಗೆ ನನ್ನ ಕಿವಿ ಗುಂಯ್ ಅಂದಿತ್ತು. ದೇವಸ್ಥಾನದ ಜಾತ್ರೆಯ ಸ್ಪೀಕರುಗಳು ನಮ್ಮ ದುಗ್ಗಮ್ಮನ ಜಾತ್ರೆಗೆ ಕಡಿಮೆ ಇಲ್ಲ. ಟಿವಿ ಧಾರಾವಾಹಿಗಳಲ್ಲಂತೂ ಕಿರುಚಾಟವೇ ಕಿರುಚಾಟ. ಗದ್ದಲಕ್ಕೆ ಅಲ್ಲಿ ಯಾರ ಅಭ್ಯಂತರವೂ ಇಲ್ಲ. ಒಬ್ಬ ಮನುಷ್ಯನ ಕಡೆ ಮುಖ ಮಾಡಿ, ಉಳಿದವರು ಕೇಳುವ ಹಾಗೆ ದನಿ ಎತ್ತಿದರೆ ಅದೇ ಕಷ್ಟ. ಸುಖುಂವಿತ್ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತರೂ ಹಾರ್ನ್ ಸದ್ದು ಅಪರೂಪ, ನೀನೇ ಮೊದಲ ವಾರ ಆಶ್ಚರ್ಯಪಟ್ಟು ವಿಡಿಯೊ ಕಳಿಸಿದ್ದೆ. ಹಾರ್ನ್ ಹೊಡೆದರೆ ಅದು ಮುಂದಿನವನ ಮೇಲೆ ಕೂಗಿದ ಹಾಗೆ.

ಅವರಿಗೆ ಸಿಟ್ಟೇ ಬರುವುದಿಲ್ಲ ಎಂದೂ ತಿಳಿಯಬೇಡ. ನಾನು ಹೋಗುವ ಮುಂಚೆ, 1992ರ ಮೇ ತಿಂಗಳಲ್ಲಿ, ಬ್ಯಾಂಕಾಕಿನ ರಸ್ತೆಯಲ್ಲಿ ಸೇನೆ ಜನರ ಮೇಲೆ ಗುಂಡು ಹಾರಿಸಿ ಹತ್ತಾರು ಜನ ಸತ್ತಿದ್ದರು. ಆ ತಿಂಗಳ 20ರಂದು ರಾಜ ಭೂಮಿಬೋಲ್ ಪ್ರಧಾನಿ ಸುಚಿಂದರನ್ನೂ ಪ್ರತಿಭಟನೆಯ ಮುಂದಾಳು ಚಮ್ಲೋಂಗರನ್ನೂ ಕರೆಸಿ ನೆಲದ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದ್ದನ್ನು ಟಿವಿಯಲ್ಲಿ ತೋರಿಸಿದರಂತೆ. ಮಿಲ್ಲಿನವರು ಅದನ್ನು ನನಗೆ ಎಷ್ಟು ಸಲ ಹೇಳಿದರೋ. ದೇಶಕ್ಕೇ ಬೆಂಕಿ ಬಿದ್ದಾಗಲೂ ರಾಜನ ದನಿ ಏರಲಿಲ್ಲ ಅನ್ನುವುದೇ ಅವರಿಗೆ ದೊಡ್ಡದಾಗಿತ್ತು. ನಾಲ್ಕು ದಿನಕ್ಕೆ ಸುಚಿಂದ ಕುರ್ಚಿ ಬಿಟ್ಟರು. ಒಳಗೆ ತಡೆದಿಟ್ಟ ಸಿಟ್ಟು ಹೊರಬಿದ್ದಾಗ ಎಷ್ಟು ಘೋರ ಎನ್ನುವುದನ್ನೂ ಆ ವಾರವೇ ಅವರು ನೋಡಿದ್ದರು. ಅದಕ್ಕೇ ನಿನಗೆ ಹೇಳುತ್ತಿದ್ದೇನೆ: ಟ್ಯಾಕ್ಸಿಯವನ ಜೊತೆ, ಬೈಕಿನವನ ಜೊತೆ ರಸ್ತೆಯಲ್ಲಿ ನಿಂತು ಜಗಳ ಬೇಡ. ನೂರು ಬಾಟ್ ಹೋದರೆ ಹೋಗಲಿ. ನಗುತ್ತಿದ್ದವನು ನಗು ನಿಲ್ಲಿಸಿದನೆಂದರೆ ನೀನು ಅಲ್ಲಿಂದ ಹೊರಡು. ಇನ್ನೊಂದು, ಎದುರಿಗೇ ನಿಂತು ಅವಮಾನದ ಮಾತಾಡುವುದು ಅಲ್ಲಿ ಅಪರಾಧ. ದಂಡಸಂಹಿತೆಯ 393ನೇ ಕಲಮಿನಲ್ಲಿ ಒಂದು ತಿಂಗಳವರೆಗೆ ಸೆರೆ, 10,000 ಬಾಟ್‌ವರೆಗೆ ದಂಡ ಇದೆ. ಪರದೇಶದಲ್ಲಿ ವರ್ಕ್ ಪರ್ಮಿಟ್ ಮೇಲೆ ಇರುವವಳು ನೀನು. ಅಮ್ಮನಿಗೆ ಈ ಸಾಲು ಓದಿ ಹೇಳಬೇಡ, ಅವಳು ಊಟ ಬಿಡುತ್ತಾಳೆ.

ಉಪದೇಶ ಆಗುತ್ತಿದೆ, ಗೊತ್ತು. ಆದರೂ ಓದು.

"ನಾನು ಬೈಲೇ ಇಲ್ಲ, ನನ್ನ ದನಿಯೇ ಹಾಗಪ್ಪ" ಅಂದೆಯಲ್ಲ, ಅದನ್ನು ನಾನು ಪೂರ್ತಿ ನಂಬುತ್ತೇನೆ. ನಮ್ಮ ಮನೆಯ ದನಿಯೇ ಅದು. ರಿಂಗ್ ಫ್ರೇಮ್ ಶೆಡ್ಡಿನಲ್ಲಿ ಕೂಗದೆ ಮಾತೇ ಇಲ್ಲ. ನಿಮ್ಮಜ್ಜ ಮಿಲ್ಲಿನಿಂದ ಬಂದು ಮನೆಯಲ್ಲೂ ಹಾಗೇ ಮಾತಾಡಿದರು, ನಾನೂ ಹಾಗೇ, ನೀನೂ ಹಾಗೇ. ನಮ್ಮಲ್ಲಿ ಬೆಳಗ್ಗೆ ಕೂಗಾಡಿ ರಾತ್ರಿ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತೇವೆ. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಕಾಲೇಜಿನಲ್ಲಿದ್ದಾಗ ನಿಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸದ ಕಂಡಕ್ಟರಿಗೆ ಹುಡುಗಿಯರೆಲ್ಲರ ಪರವಾಗಿ ನೀನು ಜೋರು ಮಾಡಿದ್ದೆಯಲ್ಲ, ಆ ದಿನ ನಾನು ಮೂರು ಬೀದಿಗೆ ಹೇಳಿಕೊಂಡು ಬಂದಿದ್ದೆ. ಆ ದನಿ ಕಳಕೋ ಎಂದು ನಾನು ಹೇಳುವವನಲ್ಲ. ಅದೇ ಶೆಡ್ಡು, ಅದೇ ಸದ್ದು ಸಮುತ್ ಪ್ರಾಕಾನ್‌ನಲ್ಲೂ ಇತ್ತು. ಅವರು ಹತ್ತಿರ ಬಂದು ಮೊಣಕೈ ಮುಟ್ಟಿ ಕಿವಿಯ ಬಳಿ ಹೇಳುತ್ತಿದ್ದರು, ಇಲ್ಲವೇ ಕೈಸನ್ನೆ. ಅದನ್ನೂ ಕಲಿತರೆ ನಿನ್ನದೇನೂ ಹೋಗುವುದಿಲ್ಲ.

ಎಲ್ಲವೂ ಅವರದೇ ಸರಿ ಎಂದೂ ಅಲ್ಲ. ಅಲ್ಲಿ ದೊಡ್ಡವರು ಸಣ್ಣವರನ್ನು ಗದರಿಸಿದರೆ ನಡೆಯುತ್ತದೆ, ಸಣ್ಣವರು ನುಂಗಿಕೊಳ್ಳಬೇಕು. ಎದುರಿಗೆ ಹೇಳದ್ದು ಹಿಂದಿನಿಂದ ಚಾಡಿಯಾಗಿ ಸುತ್ತುತ್ತದೆ. ತಪ್ಪು ಬೆಳೆಯುವವರೆಗೆ ಯಾರೂ ಬಾಯಿ ಬಿಡುವುದಿಲ್ಲ, ಆ ಹಳದಿ ಬಾಬಿನ್‌ಗಳ ನಷ್ಟ ಸೋಮ್ಚೈಯ ಶಿಫ್ಟಿನವರ ಬೋನಸ್ಸಿಗೂ ಬಿತ್ತು. ಇದು ನಿನಗೆ ಹಿಂಸೆ ಅನ್ನಿಸುವುದು ನ್ಯಾಯವೇ. ಆದರೆ ನೀನು ಅವರ ನೆಲದಲ್ಲಿದ್ದೀಯ, ಅವರ ಮೇಲಿನ ಹುದ್ದೆಯಲ್ಲಿದ್ದೀಯ. ಮೊದಲ ಹೆಜ್ಜೆ ನಿನ್ನದು.

ಸೋಮವಾರ ಹೋದ ಕೂಡಲೇ ಎಲ್ಲರನ್ನೂ ಸೇರಿಸಿ ಮೀಟಿಂಗಿನಲ್ಲಿ ಕ್ಷಮೆ ಕೇಳಲು ಹೋಗಬೇಡ. ಅದು ಗಾಯವನ್ನು ಮತ್ತೆ ಹತ್ತು ಜನರೆದುರು ಬಿಚ್ಚಿದ ಹಾಗೆ. ಏನಾಯಿತು, ಯಾರ ತಪ್ಪು ಎಂದು ವಿವರಿಸಲೂ ಬೇಡ, ನೀನು ಹೇಳಿದ ವಿಷಯ ಸರಿಯಿದ್ದರೂ. ನಿಮ್ಮ ಅಕೌಂಟ್ಸಿನಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದಾರೆ, ನಿನಗೆ ಮಾವಿನಹಣ್ಣು ತಂದುಕೊಡುತ್ತಾರೆ ಅಂದಿದ್ದೆ. ಮೊದಲು ಅವರ ಹತ್ತಿರ ಹೋಗು. ಇಂಥ ವಿಷಯ ಅಲ್ಲಿ ನಡುವೆ ಒಬ್ಬ ಹಿರಿಯರಿದ್ದರೆ ಸಲೀಸು. ಆ ಹುಡುಗಿಗೆ ನೋವಾಗಿದೆ, ನನಗೆ ಬೇಸರವಾಗಿದೆ, ಅವಳಿಗೆ ಹೇಗೆ ತಿಳಿಸಲಿ ಎಂದು ಅವರನ್ನೇ ಕೇಳು. ಅವರು ಹೇಳಿದ ಹಾಗೆ ಮಾಡು. ಟೀಮಿನವರ ಟೇಬಲ್ಲಿಗೆ ತಿನ್ನಲು ಏನಾದರೂ ಒಯ್ಯಿ, ಊಟ ಆಯ್ತಾ ಎಂದು ಕೇಳು. ನಮ್ಮಂತೆ ಅವರೂ ಕಂಡವರನ್ನೆಲ್ಲ ಅದನ್ನೇ ಕೇಳುತ್ತಾರೆ. ಯಾರಾದರೂ ಸಣ್ಣ ತಪ್ಪೊಂದನ್ನು ತಾನಾಗಿ ಬಂದು ನಿನಗೆ ಹೇಳಿದ ದಿನ ನನಗೆ ಫೋನ್ ಮಾಡು. ವಾರ ಆಗಬಹುದು, ಆರು ತಿಂಗಳೂ ಆಗಬಹುದು.

ಅವಳು ಉತ್ತರ ಕೊಡದೇ ಇರಬಹುದು. ಮತ್ತೆ ಮತ್ತೆ ಮೆಸೇಜ್ ಹಾಕಿ ಕಾಡಬೇಡ. ಅವಳಿಗೆ ಬೇರೆ ಕಡೆ ಕೆಲಸಕ್ಕೆ ಒಳ್ಳೆಯ ಶಿಫಾರಸು ಪತ್ರ ಬೇಕಾದರೆ ನೀನೇ ಬರೆದುಕೊಡು, ಅವಳ ಕೆಲಸ ಚೆನ್ನಾಗಿತ್ತು ಎಂದು ನನಗೆ ಹೇಳಿದವಳು ನೀನೇ ತಾನೆ.

ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಟ್ಟಿದ್ದೇವೆ, ನಿನ್ನ ಗೆಳತಿ ಬುಧವಾರ ಹೊರಡುತ್ತಾಳಂತೆ, ಅವಳ ಕೈಲಿ ಕಳಿಸುತ್ತೇವೆ. ರೊಟ್ಟಿ ಆಫೀಸಿಗೂ ಒಯ್ಯಿ, ಹೆಚ್ಚೇ ಹಾಕಿದ್ದಾಳೆ ಅಮ್ಮ. ಭಾನುವಾರ ಸಂಜೆ ಫೋನ್ ಮಾಡು, ರೈಲಿನಿಂದ ಬೇಡ, ಮನೆಗೆ ಹೋಗಿ ಮಾಡು. ಆಗ ಎಷ್ಟು ಜೋರಾಗಿ ಬೇಕಾದರೂ ಮಾತಾಡು.

ಇಂತಿ ನಿನ್ನ
ಅಪ್ಪ