ಇನ್ನೊಂದು ಮೀಟಿಂಗಿಗೆ ಹೋಗೋಣ

ಪ್ರೀತಿಯ ಗೆಳೆಯ,

ಎ.ಎ. ಮೀಟಿಂಗ್, ಅಂದರೆ ಕುಡಿತ ಬಿಡಬೇಕು ಅನ್ನುವವರು ಸೇರಿ ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯ ಬಗ್ಗೆ ನಿನ್ನ ಮೆಸೇಜ್ ರಾತ್ರಿ ಓದಿದೆ. "ಹೋಗಿ ಬಂದೆ ಕಣೋ. ಮೂಲೆಯಲ್ಲಿ ನಾಲ್ಕು ಹುಡುಗಿಯರು ನೋಟ್‌ಬುಕ್ ಹಿಡಿದು ಕೂತಿದ್ದರು. ಮೇಲೆ ದೇವರ ಮಾತು ಬೇರೆ. ಅದು ನನಗಲ್ಲ ಬಿಡು" ಅಂತ ಬರೆದಿದ್ದೀಯ. ಫೋನ್ ಮಾಡಿದರೆ ಹೂಂ ಹೂಂ ಅಂತ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ಮೆಟ್ಟಿಲು ಹತ್ತಿದೆಯಲ್ಲ, ಅದೇ ನನಗೆ ದೊಡ್ಡದು. ನಾನು ಮೂರು ವಾರ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೆ.

ನನ್ನ ಮೊದಲ ಎ.ಎ. ಮೀಟಿಂಗೂ ನನಗೆ ಹೊಂದಲಿಲ್ಲ. ಚರ್ಚಿನ ಪಕ್ಕದ ಒಂದು ಕೋಣೆ. ಒಳ್ಳೆಯ ಜನ, ಟೀ ಕೊಟ್ಟರು, ಹೆಸರಷ್ಟೇ ಕೇಳಿದರು. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬರುತ್ತದೆ, ಆಫೀಸಿನಲ್ಲಿ ದಿನವೂ ಮಾತಾಡುತ್ತೇನೆ. ಮಗಳ ಶಾಲೆ ಫೀಸಿನ ದುಡ್ಡನ್ನು ಕುಡಿದು ಮುಗಿಸಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮಾತ್ರ ಬೇರೆ ಯಾರದೋ ಕತೆ ಹೇಳಿದ ಹಾಗಾಯಿತು. ಅಳು ಕೂಡ ಬರಲಿಲ್ಲ. ಮುಂದಿನ ವಾರ ಹೋಗಲಿಲ್ಲ. ಮತ್ತೆ ಮೂರು ತಿಂಗಳು ಕುಡಿದೆ.

ಆಮೇಲೆ ಕನ್ನಡದಲ್ಲಿ ನಡೆಯುವ ಮೀಟಿಂಗ್ ಸಿಕ್ಕಿತು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ, ಹಾಗಾಗಿ ಬೇರೆಯವರ ಮಾತು ಬರೆಯುವುದಿಲ್ಲ. ನನ್ನ ಸರದಿ ಬಂದಾಗ "ನಂಗೆ ಸಾಕಾಗಿದೆ" ಅಂದೆ. ಎರಡೇ ಪದ. ಯಾರೂ ಬುದ್ಧಿ ಹೇಳಲಿಲ್ಲ, ಮಧ್ಯೆ ಬಾಯಿ ಹಾಕಲಿಲ್ಲ. ಅವತ್ತು ರಾತ್ರಿ ಕುಡಿಯದೆ ಮಲಗಿದೆ.

ನೀನು ಹೋದದ್ದು ಓಪನ್ ಮೀಟಿಂಗ್ ಇರಬೇಕು. ಅಲ್ಲಿಗೆ ಯಾರು ಬೇಕಾದರೂ ಬರಬಹುದು, ಮನೆಯವರು, ವಿದ್ಯಾರ್ಥಿಗಳು ಎಲ್ಲ. ಕ್ಲೋಸ್ಡ್ ಮೀಟಿಂಗ್ ಬೇರೆ. ಅದು ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ನಿನಗೆ ಅದೇ ಸರಿ ಅನಿಸುತ್ತದೆ. ಫೀಸ್ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿಯೋ ಚೀಲವೋ ಸುತ್ತಿ ಬರುತ್ತದೆ. ಹಾಕಿದರೆ ಹಾಕು, ಇಲ್ಲದಿದ್ದರೆ ಇಲ್ಲ.

ದೇವರ ವಿಷಯ. ಕುಡಿತ ಬಿಡಲು ಅವರು ಹಾಕಿಕೊಂಡ ಹನ್ನೆರಡು ಹೆಜ್ಜೆಗಳಲ್ಲಿ ಎರಡು ಕಡೆ ದೇವರ ಹೆಸರಿನ ಜೊತೆ "ನಾವು ಅರಿತುಕೊಂಡಂತೆ" ಅನ್ನುವ ಮಾತು ಸೇರಿಸಿದ್ದಾರೆ, ಅಂದರೆ ಅವರವರಿಗೆ ತಿಳಿದ ಹಾಗೆ. ನನಗೆ ಆ ಕೋಣೆಯಲ್ಲಿ ಕೂತ ಜನರೇ ಸಾಕಾದರು. ಕೆಲವು ಗುಂಪುಗಳಲ್ಲಿ ಪ್ರಾರ್ಥನೆ ಜಾಸ್ತಿ, ಕೆಲವದರಲ್ಲಿ ಕಡಿಮೆ. ನಾಲ್ಕೈದು ಕಡೆ ಕೂತು ನೋಡದೆ ಗೊತ್ತಾಗುವುದಿಲ್ಲ.

ಇದು ಶುರುವಾದದ್ದು ಹೇಗೆ ಗೊತ್ತಾ? 1935ರಲ್ಲಿ, ಅಮೆರಿಕದ ಆಕ್ರನ್ ಅನ್ನುವ ಊರಿನಲ್ಲಿ. ಬಿಲ್ ಅನ್ನುವವರು ವ್ಯವಹಾರಕ್ಕೆ ಅಂತ ಅಲ್ಲಿಗೆ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ಒಬ್ಬರೇ, ಪಕ್ಕದಲ್ಲೇ ಬಾರ್. ಅವರು ಬಾರಿಗೆ ಹೋಗದೆ ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಹುಡುಕಿದರು. ಸಿಕ್ಕಿದವರು ಬಾಬ್, ಒಬ್ಬ ಸರ್ಜನ್. ಅವರಿಬ್ಬರು ಗಂಟೆಗಟ್ಟಲೆ ಮಾತಾಡಿದ್ದೇ ಬುನಾದಿ. ಬಿಲ್ ಹೋದದ್ದು ಬಾಬ್‌ಗೆ ಉಪದೇಶ ಮಾಡಲು ಅಲ್ಲ, ತಾನು ಕುಡಿಯದೆ ಇರಲು. ನೀನು ಆ ಕುರ್ಚಿಯಲ್ಲಿ ಸುಮ್ನೆ ಕೂತರೂ ನನ್ನಂಥವನಿಗೆ ಅದು ಸಹಾಯ.

ನಿಮ್ಮಮ್ಮ ಧರ್ಮಸ್ಥಳದಲ್ಲಿ ಆಣೆ ಮಾಡಿಸಿದ್ದು ನೆನಪಿದೆ. ಅದು ಮುರಿದ ಮೇಲೆ ನಾಚಿಕೆಗೇ ಜಾಸ್ತಿ ಕುಡಿದೆ ಅಂತ ನೀನೇ ಹೇಳಿದ್ದೆ. ಇಲ್ಲಿ ಆಣೆ ಮಾಡಿಸುವುದಿಲ್ಲ. ಕುಡಿದು ಜಾರಿದವನು ಮರುದಿನ ಬಂದರೆ "ಬಂದ್ರಲ್ಲ, ಕೂತ್ಕೊಳ್ಳಿ" ಅನ್ನುತ್ತಾರೆ. ಹಾಗಂತ ಊರ ದಾರಿ ಕಡಿಮೆ ಅಂತಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಹಳ್ಳಿಹಳ್ಳಿಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರುತ್ತಾರೆ. ಊರಿಗೆ ಹೋದಾಗ ನಿನಗೆ ಅದೂ ಒಂದು ಆಸರೆ. ಬೆಂಗಳೂರಿನ ಮೀಟಿಂಗ್ ಇಲ್ಲಿಯ ಸಂಜೆಗಳಿಗೆ.

ಸಂಜೆ ಅಂದೆನಲ್ಲ, ಏಳು ಗಂಟೆಯ ಮೀಟಿಂಗನ್ನೇ ಹುಡುಕು. ನಿನ್ನ ಕಾಲು ಬಾರಿನ ಕಡೆ ತಿರುಗುವುದು ಆ ಹೊತ್ತಿಗೇ ಅಲ್ವಾ? ಮನೆಯಿಂದ ಒಂದೇ ಬಸ್ಸಿನ ದಾರಿ ಇರಲಿ. ಎರಡು ಬಸ್ ಬದಲಾಯಿಸಬೇಕಾದರೆ ಮಳೆ ಬಂದ ದಿನ ಹೋಗುವುದಿಲ್ಲ.

ಒಂದು ಮಾತು ಮಾತ್ರ ತಳ್ಳಿಹಾಕಬೇಡ. ಬೆಳಿಗ್ಗೆ ಕೈ ನಡುಗುತ್ತದೆ ಅಂದಿದ್ದೆ. ಹಾಗಿದ್ದಾಗ ಹಠಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬೇಡ. ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಕಲಸಿಹೋಗಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರನ್ನು ನೋಡು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ದುಡ್ಡು ಬೀಳುವುದಿಲ್ಲ. ಔಷಧಿಯ ಕೆಲಸವನ್ನು ಮೀಟಿಂಗ್ ಮಾಡುವುದಿಲ್ಲ.

ಅತ್ತಿಗೆಗೂ ಹೇಳು, ಮನೆಯವರಿಗಾಗಿ ಆಲ್‌-ಅನಾನ್ ಅಂತ ಬೇರೆ ಗುಂಪು ಇದೆ. ಅವರು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ನಾಳೆ ನಿನ್ನ ಜೊತೆ ಆಸ್ಪತ್ರೆಗೆ ಬರುತ್ತೇನೆ, ರಜೆ ಹಾಕಿದ್ದೇನೆ. ಡಾಕ್ಟರ್ ಹೂಂ ಅಂದರೆ ಗುರುವಾರ ಆರೂವರೆಗೆ ನಿಮ್ಮ ಬಸ್ ಸ್ಟಾಪಿನಲ್ಲಿ ನಿಂತಿರುತ್ತೇನೆ. ಕನ್ನಡದ ಮೀಟಿಂಗ್, ಕ್ಲೋಸ್ಡ್. ನೀನು ಒಂದು ಮಾತೂ ಆಡಬೇಕಾಗಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತುಕೊಳ್ಳೋಣ.

ನಿನ್ನ ಗೆಳೆಯ