ಗ್ಲಾಸ್ಗೋದ ಸಂದಿಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹಳೆಯ ಬೀದಿಗಳ ಆ ಫೋಟೋಗಳಲ್ಲಿ ಮನುಷ್ಯರ ಮುಖಗಳೇಕೆ ಹೊಗೆಯಂತೆ ಕದಡಿಹೋಗಿವೆ ಎಂದು ಕೇಳಿದ್ದೆಯಲ್ಲ, ಅದಕ್ಕೆ ಮೊದಲ ಕಾರಣ ರಸಾಯನಶಾಸ್ತ್ರದ್ದು. ಛಾಯಾಗ್ರಾಹಕ ಥಾಮಸ್ ಆ್ಯನನ್ 1868ರಿಂದ 1871ರ ನಡುವೆ ಅವನ್ನು ತೆಗೆದದ್ದು ಹಸಿ ಕೊಲೋಡಿಯನ್ ವಿಧಾನದಲ್ಲಿ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರಾವಣ ಸುರಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಆದ್ದರಿಂದ ಕತ್ತಲಕೋಣೆಯ ಸರಂಜಾಮೂ ಕ್ಯಾಮೆರಾದ ಜೊತೆಗೇ ಬರಬೇಕಿತ್ತು. ಎರಡೂ ಬದಿಯ ಎತ್ತರದ ಕಲ್ಲುಮನೆಗಳ ನಡುವೆ ಬೆಳಕು ನೆಲಕ್ಕಿಳಿಯಲು ಹೆಣಗುತ್ತಿದ್ದ ಸಂದಿಗಳಲ್ಲಿ ಲೆನ್ಸನ್ನು ಬಹಳ ಹೊತ್ತು ತೆರೆದಿಡದೆ ಗತಿಯಿರಲಿಲ್ಲ. ಹಾಗಾಗಿ ಗೋಡೆಯ ಒಂದೊಂದು ಕಲ್ಲೂ, ನಡುವಿನ ಚರಂಡಿಯ ತೇವವೂ ಕಣ್ಣಿಗೆ ಕಟ್ಟುವಂತೆ ಮೂಡಿದವು. ಕೋಲಿಗೆ ಒಣಹಾಕಿದ ಬಟ್ಟೆ ಗಾಳಿಗೆ ಅಲುಗಿ ಬಿಳಿಯ ಮಬ್ಬಾಯಿತು, ನಿಲ್ಲಲಾರದೆ ಮಿಸುಕಿದ ಮಗುವಿಗೆ ಮುಖವೇ ಇಲ್ಲವಾಯಿತು.

ಆದರೆ ಇಷ್ಟೇ ಕಾರಣವೆಂದು ನನಗನ್ನಿಸುವುದಿಲ್ಲ. ಚಿತ್ರ ತೆಗೆಸಿದ್ದು 1866ರ ಕಾಯ್ದೆಯಿಂದ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್. ಆ ಮನೆಗಳನ್ನು ಕೊಂಡು ಕೆಡವಲು ಹೊರಟಿದ್ದುದೂ ಅದೇ ಟ್ರಸ್ಟ್. ಕೆಡವುವವರಿಗೆ ಬೇಕಾದದ್ದು ಕಟ್ಟಡಗಳ ದಾಖಲೆ. ಆದ್ದರಿಂದಲೇ ಶೀರ್ಷಿಕೆಗಳಲ್ಲಿ 'ಹೈ ಸ್ಟ್ರೀಟ್, 118ನೆಯ ನಂಬರಿನ ಕ್ಲೋಸ್' (ಕ್ಲೋಸ್ ಎಂದರೆ ಅಲ್ಲಿನ ಸಂದಿ) ಎಂಬಂತೆ ವಿಳಾಸವಿದೆಯೇ ಹೊರತು ಅಲ್ಲಿ ನಿಂತವರ ಹೆಸರಿಲ್ಲ. ಕೆಡವಿದ್ದೇ ತಪ್ಪೆಂದು ನಾನು ಹೇಳಲಾರೆ. ಬೀದಿಮನೆಗಳ ಹಿತ್ತಿಲುಗಳಲ್ಲೂ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದ ಆ ಜಾಗದಲ್ಲಿ ಜನ ಕಿಕ್ಕಿರಿದಿದ್ದರು. ಕಾಲರಾ ಮತ್ತೆ ಮತ್ತೆ ಬಂದಿತ್ತು, 1859ರಲ್ಲಿ ಕ್ಯಾಟ್ರಿನ್ ಸರೋವರದ ಶುದ್ಧ ನೀರು ಊರಿಗೆ ಹರಿದ ಮೇಲೂ ಟೈಫಸ್ ಎಂಬ ಸಾಂಕ್ರಾಮಿಕ ಜ್ವರ ಬಿಡಲಿಲ್ಲ. ನನ್ನ ತಕರಾರು ಬೇರೆ: ಒಕ್ಕಲೆಬ್ಬಿಸಿದವರಿಗೆ ಮನೆ ಒದಗಿಸುವ ಕೆಲಸವನ್ನು ಬಹುಮಟ್ಟಿಗೆ ಖಾಸಗಿ ಕಟ್ಟಡದವರ ಪಾಲಿಗೆ ಬಿಟ್ಟದ್ದು. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿದಾಗ ಕಟ್ಟಡದ ವ್ಯವಹಾರವೂ ನೆಲಕಚ್ಚಿತು.

ಈ ಚಿತ್ರಗಳನ್ನು ತೂಗುಹಾಕಿ 'ಆಹಾ, ಹಳೆಯ ಕಾಲ' ಎನ್ನುವವರನ್ನು ಕಂಡರೆ ನನಗೆ ಕಿರಿಕಿರಿಯಾಗುವುದು ಇದಕ್ಕೇ. ಹಾಗೆಂದು ಆ್ಯನನ್‌ನನ್ನು ಬಡವರ ಪರ ಹೋರಾಡಿದವನೆಂದು ಹೊಗಳುವುದೂ ಅತಿಯೇ. ಆತ ಒಪ್ಪಿಕೊಂಡ ಕೆಲಸವನ್ನು ಕಸುಬುದಾರನ ಶ್ರದ್ಧೆಯಿಂದ ಮಾಡಿ ಮುಗಿಸಿದ.

ಇನ್ನೊಂದು ಸಂಗತಿ ನಿನಗೆ ಹತ್ತಿರದ್ದು. ನೀನು ಓದುತ್ತಿರುವ ವಿಶ್ವವಿದ್ಯಾಲಯವೂ ಅದೇ ಹೈ ಸ್ಟ್ರೀಟಿನಲ್ಲಿತ್ತು. ಹಳೆಯ ಜಾಗವನ್ನು ರೈಲ್ವೆಯವರಿಗೆ ಮಾರಿ 1870ರಲ್ಲಿ ಪಶ್ಚಿಮದ ಗಿಲ್ಮೋರ್‌ಹಿಲ್ ಗುಡ್ಡಕ್ಕೆ ಹೋಯಿತು. ಆ ಹಳೆಯ ಕಾಲೇಜನ್ನೂ ಅದರ ಪ್ರಾಧ್ಯಾಪಕರನ್ನೂ ಆ್ಯನನ್ ಅದೇ ವರ್ಷಗಳಲ್ಲಿ ಚಿತ್ರಿಸಿದ. ಅಲ್ಲಿ ಪ್ರಾಧ್ಯಾಪಕರಿಗೆ ಹೆಸರೂ ಇದೆ, ಸ್ಪಷ್ಟವಾದ ಮುಖವೂ ಇದೆ. ಲೈಬ್ರರಿಯಲ್ಲಿ ಸಿಕ್ಕರೆ ಎರಡನ್ನೂ ಒಟ್ಟಿಗೆ ತೆರೆದಿಟ್ಟು ನೋಡಿ, ನಿನಗೇನನ್ನಿಸಿತೆಂದು ಬರೆ.

ಇಂತಿ,
ನಿನ್ನ ಅಪ್ಪ