ಮೊದಲ ಡಿಕ್ರಿಯ ಹೊತ್ತಿನಲ್ಲಿ ಸಲ್ಲಬೇಕಾದ ಕೆಲವು ಕೃತಜ್ಞತೆಗಳು

ನಾನೇ ವಾದಪತ್ರ ಬರೆದು, ಮೊದಲಿನಿಂದ ಕೊನೆಯವರೆಗೆ ನಾನೇ ನಡೆಸಿದ ಆಸ್ತಿ ಪಾಲಿನ ಮೊದಲ ದಾವೆ ಕಳೆದ ವಾರ ರಾಣೆಬೆನ್ನೂರಿನ ನ್ಯಾಯಾಲಯದಲ್ಲಿ ಡಿಕ್ರಿಯಾಯಿತು, ಎಂದರೆ ತೀರ್ಪು ನಮ್ಮ ಪರವಾಗಿ ಬಂತು. 2022ರಲ್ಲಿ ಹುಬ್ಬಳ್ಳಿಯಲ್ಲಿ ಕಾನೂನು ಪದವಿ ಮುಗಿಸಿ, ವಕೀಲಿಕೆಯ ಸನ್ನದು ಪಡೆದು, ಯಾವ ಹಿರಿಯರ ಬಳಿಯೂ ಜೂನಿಯರ್ ಆಗಿ ಕೂರದೆ ಸ್ವಂತ ಕಚೇರಿ ತೆರೆದಾಗ ಅದನ್ನು ಧೈರ್ಯವೆಂದು ತಿಳಿದಿದ್ದೆ. ತಂದೆಯವರ ಅನಾರೋಗ್ಯದಿಂದಾಗಿ ಊರು ಬಿಡುವಂತಿರಲಿಲ್ಲ ಎಂಬುದು ನಿಜ; ಆದರೆ ಊರಿನಲ್ಲೂ ಹಿರಿಯರಿದ್ದರು, ಅವರ ಬಾಗಿಲಿಗೆ ಹೋಗದಂತೆ ತಡೆದದ್ದು ನನ್ನ ಹಠವೇ.

ಕಚೇರಿಯೆಂದರೆ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ವಕೀಲರು ಜಾಹೀರಾತು ಕೊಡುವಂತಿಲ್ಲ, ನಾಮಫಲಕವೂ ಮಿತ ಗಾತ್ರದಲ್ಲಿರಬೇಕೆಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಆದ್ದರಿಂದ ಮೊದಲ ಐದು ತಿಂಗಳು ಮೆಟ್ಟಿಲು ಹತ್ತಿ ಬಂದವರಲ್ಲಿ ಹೆಚ್ಚಿನವರು ಹೊಲಿಗೆಗೆ ಕೊಟ್ಟ ಬಟ್ಟೆ ಕೇಳಲು ಬಂದವರೇ. ಆ ಐದು ತಿಂಗಳ ಬಾಡಿಗೆಯನ್ನು ಒಮ್ಮೆಯೂ ಕೇಳದ ಟೈಲರ್ ಅವರಿಗೆ ನನ್ನ ಮೊದಲ ನಮಸ್ಕಾರ.

ಎರಡನೆಯದು, ಕೋರ್ಟಿನೆದುರಿನ ಟೈಪಿಂಗ್ ಅಂಗಡಿಯವರಿಗೆ. ನನ್ನ ಕಕ್ಷಿದಾರಳು ಇಬ್ಬರು ತಮ್ಮಂದಿರ ವಿರುದ್ಧ ಪಾಲು ಕೇಳಿದ ಅಕ್ಕ. ಅವಳನ್ನು ಹೊಲದಿಂದ ಹೊರಹಾಕಿದ್ದಾರೆಂದು ನಾನು ಆವೇಶದಿಂದ ಬರೆದುಕೊಟ್ಟಿದ್ದೆ. ಎರಡನೆಯ ಪುಟದಲ್ಲಿ ಅವರ ಬೆರಳುಗಳು ನಿಂತವು. "ಮೇಡಂ, ಹೊರಗ ಹಾಕ್ಯಾರೋ, ಇಲ್ಲಾ ಪಾಲು ಕೊಟ್ಟಿಲ್ಲ ಅಷ್ಟೇನೋ?" ಎಂದು ಕೇಳಿದರು. ವಿಚಾರಿಸಿದರೆ, ಪ್ರತಿ ಸುಗ್ಗಿಗೂ ಅವಳ ಮನೆಗೆ ಗೋವಿನಜೋಳದ ಎರಡು ಚೀಲಗಳು ಬರುತ್ತಲೇ ಇದ್ದವು; ಅಂದರೆ ಹೊಲ ಇನ್ನೂ ಅವಳ ಜಂಟಿ ಸ್ವಾಧೀನದಲ್ಲೇ ಇತ್ತು. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೆಯ ಕಲಮಿನ ಪ್ರಕಾರ ಜಂಟಿ ಸ್ವಾಧೀನದಲ್ಲಿರುವವರಿಗೆ ನಿಗದಿತ ಶುಲ್ಕ, ಗರಿಷ್ಠ 200 ರೂಪಾಯಿ. ಸ್ವಾಧೀನ ತಪ್ಪಿದವರು ತಮ್ಮ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ ಕಟ್ಟಬೇಕು. ನನ್ನ ಆವೇಶದ ಆ ಒಂದು ವಾಕ್ಯ ನಿಜವೂ ಆಗಿರಲಿಲ್ಲ, ಆ ಬಡವಿಗೆ ಎಟುಕುವಂಥದ್ದೂ ಆಗಿರಲಿಲ್ಲ. ಐದು ವರ್ಷ ಓದಿದ ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು.

ಎದುರು ಪಕ್ಷದ ಹಿರಿಯ ವಕೀಲರಿಗೆ ಕೃತಜ್ಞತೆ ಹೇಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮ ಕಡೆಯ ಸಾಕ್ಷ್ಯಕ್ಕಿಟ್ಟ ಮುದ್ದತ್ತಿನ, ಎಂದರೆ ವಿಚಾರಣೆಯ, ದಿನ ನಾನು ತಂದೆಯವರೊಡನೆ ಆಸ್ಪತ್ರೆಯಲ್ಲಿದ್ದೆ. ಅರ್ಜಿ ಕೊಡಲು ಜೂನಿಯರ್ ಇರಲಿಲ್ಲ, ಕಕ್ಷಿದಾರಳೂ ಬಂದಿರಲಿಲ್ಲ. ದಾವೆ ಗೈರುಹಾಜರಿಗಾಗಿ ವಜಾ ಆಗಬಹುದಿತ್ತು. ಅವರೇ ಎದ್ದುನಿಂತು, ಮುಂದೂಡಲು ತಮ್ಮ ತಕರಾರಿಲ್ಲವೆಂದರಂತೆ. ಮುಂದಿನ ಮುದ್ದತ್ತಿನಂದು ತಂದೆಯವರ ಆರೋಗ್ಯ ವಿಚಾರಿಸಿ, ಒಳಗೆ ಹೋದ ಮೇಲೆ ನನ್ನ ಸಾಕ್ಷಿಯನ್ನು ಎರಡು ಗಂಟೆ ಪಾಟಿ ಸವಾಲಿನಲ್ಲಿ ಬೆವರಿಳಿಸಿದರು. ಎರಡಕ್ಕೂ ನಾನು ಋಣಿ.

ಅವರ ವಾದವೇನೂ ಹಗುರವಾಗಿರಲಿಲ್ಲ. ನನ್ನ ಕಕ್ಷಿದಾರಳ ಮದುವೆ 1994ಕ್ಕಿಂತ ಮೊದಲೇ ಆಗಿದ್ದರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ಆ ವರ್ಷದ ತಿದ್ದುಪಡಿ ಅವಳಿಗೆ ಅನ್ವಯಿಸುತ್ತಿರಲಿಲ್ಲ. ಅವಳ ತಂದೆ ತೀರಿಕೊಂಡದ್ದು, ಅದೇ ಹಕ್ಕು ಕೊಟ್ಟ 2005ರ ಕೇಂದ್ರ ತಿದ್ದುಪಡಿಗಿಂತ ಮೊದಲು. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದರಿಂದ ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಹೇಳಿದ ಮಾತಿನ ಮೇಲೆಯೇ ನಾನು ನಿಂತೆ. ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿದೆಯೆಂದು ತಮ್ಮಂದಿರು ಹೇಳಿದ್ದಕ್ಕೆ ದಾಖಲೆಯಿರಲಿಲ್ಲ. ಮೂರನೆಯ ಒಂದು ಪಾಲು ಅವಳದೆಂದು ತೀರ್ಪಾಯಿತು.

ಮೂರು ವರ್ಷ ನನ್ನ ಕರಿ ಕೋಟಿಗೆ ಇಸ್ತ್ರಿ ಹಾಕಿಕೊಟ್ಟು, "ಇವತ್ತು ಏನಾತವ್ವ?" ಎಂದು ಒಂದು ದಿನವೂ ಕೇಳದ ಅಮ್ಮನಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ಡಿಕ್ರಿಯಾದ ಸಂಜೆಯೂ ಆಕೆ ಕೇಳಲಿಲ್ಲ, ನಾನೇ ಹೇಳಿದೆ.

ಇದು ಯಾರಿಗೆ ಎಷ್ಟು ಪಾಲೆಂದು ಹೇಳುವ ಪ್ರಾಥಮಿಕ ಡಿಕ್ರಿ ಮಾತ್ರ. ಹೊಲ ಅಳೆದು ಕಲ್ಲು ನೆಡುವವರೆಗೆ ಇನ್ನೂ ದಾರಿಯಿದೆ. ಅಂತಿಮ ಡಿಕ್ರಿಯ ಅರ್ಜಿಯನ್ನು ನಿನ್ನೆ ಟೈಪಿಗೆ ಕೊಟ್ಟೆ. ಈ ಬಾರಿಯೂ ಎರಡನೆಯ ಪುಟದಲ್ಲಿ ಅವರ ಬೆರಳುಗಳು ನಿಂತವು.